ಗುಂಯ್ ಅನ್ನದ ಮೈಕು

ಪುಸ್ತಕದಾಗಿನ ಫಿಲ್ಟರ್ ಎಂದೂ ಕೆಡಂಗಿಲ್ಲ. ಕೈಲೆ ಕಟ್ಟಿದ್ದು ಮಂದಿ ಕೂಡಿದಲ್ಲೇ ಕೆಡತೈತಿ. ಎಂಬತ್ತರ ದಶಕದಾಗ ಸಿಂಧನೂರಾಗ ನಮ್ಮಪ್ಪಂದು ಮೈಕ್‌ಸೆಟ್ ಅಂಗಡಿ. ಲೈಟಿನ ಸರದ ಬಾಜೂಕ ಮೈಕಿನ ವೈರು ಬಿದ್ದರ ಸ್ಪೀಕರ್ ಹಾರ್ನು ಒಂದಸವನ ಗುಂಯ್ ಅಂತಿತ್ತು. ಅದನ್ನ ಸೋಸಾಕ ನಾ ಆಪ್‌ಆಂಪ್ ಅನ್ನೂ ಸಣ್ಣ ಐಸಿ ಚಿಪ್ಪು ಹಾಕಿ ಒಂದು ಫಿಲ್ಟರ್ ಪೆಟ್ಟಿಗಿ ಮಾಡಿದೆ. ಪಾಲಿಟೆಕ್ನಿಕ್ ಕಲ್ತಾಕಿ ನಾನು, ಸುಮ್ಮನ ಕುಂದ್ರಾಕಿ ಅಲ್ಲ. "ಹೆಣ್ಹುಡುಗಿಗ್ಯಾಕ ಈ ಉಸಾಬರಿ?" ಅಂದ್ರು ಓಣ್ಯಾಗ. ಅನ್ಲಿ, ನನಗೇನು!

೧

ಮೊದಲ್ನೇ ಮದಿವಿ ಸಿಂಧನೂರಾಗ. ಅಂಗಡ್ಯಾಗ ಎರಡು ಬ್ಯಾಟರಿಲೆ ಪ್ಲಸ್ಸೂ ಮೈನಸ್ಸೂ ಕೊಟ್ಟು ನೋಡಿದ್ದೆ, ಛಲೋ ಇತ್ತು. ಪೆಂಡಾಲದಾಗ ಅಪ್ಪ ಒಂದ ಕಾರ್ ಬ್ಯಾಟರಿ ಹಚ್ಚಿಬಿಟ್ಟ. ಎರಡನೇ ಬ್ಯಾಟರಿ ಕೊಡೂ ಮೈನಸ್ ವೋಲ್ಟೇಜ್ ಸಿಗದ ಐಸಿ ಬಾಯೇ ಬಿಡಲಿಲ್ಲ. ಮದಿವಿ ಹುಡುಗಿ ತಂದಿ ಅಂದ, "ತಂಗೀ, ಗುಂಯ್ ಹೋತು ಖರೇ. ಮಾತೂ ಹೋತಲ್ಲ!"

೨

ಎರಡು ರೆಸಿಸ್ಟರ್ ಹಚ್ಚಿ, ಒಂದ ಬ್ಯಾಟರಿಲೆ ನಡೆಯೂ ಹಂಗ ಮಾಡಿದೆ. ಲಿಂಗಸುಗೂರಿನ ಭಾಷಣಕ್ಕ ಹೊಂಟಾಗ ಅಪ್ಪ, "ಇನ್ನಷ್ಟು ಜೋರ ಬರ್ಲಿ" ಅಂದ. ಸದ್ದು ದೊಡ್ಡದು ಮಾಡೂ ಗೇನ್ ಏರಿಸಿದೆ. ಏರಿದ್ದು ಹೆಚ್ಚಾಗಿ ಫಿಲ್ಟರ್ ತಂತಾನ ಸಿಳ್ಳಿ ಹೊಡ್ಯಾಕತ್ತು. ಭಾಷಣ ಮಾಡಾಕತ್ತಿದ್ದ ಪುಢಾರಿ ಕೆಂಡಾದ: "ಎದುರು ಪಾರ್ಟ್ಯಾರು ಸಿಳ್ಳಿ ಹೊಡ್ಯಾಕತ್ತಾರ, ಹೊರಗ ದಬ್ರಿ!" ನಾ ಗೇನ್ ಇಳಿಸೂದರಾಗ ಅವನ ಮಂದೀನ ಅರ್ಧಕ್ಕರ್ಧ ಹೊರಗ ಬಿದ್ದಿದ್ರು. ಸಿಳ್ಳಿ ನಿಂತಿದ್ದ ಕೇಳಿ ಮೀಸಿ ತಿರುವಿದ: "ನೋಡಿದ್ರ್ಯಾ, ಹೆಂಗ ಬಾಯಿ ಮುಚ್ಚಿಸಿದೆ!"

೩

ಅಪ್ಪನ ತಾಳ್ಮಿ ಮುಗೀತು. "ಮಸ್ಕಿ ಮದಿವಿಯಿಂದ ಒಂದು ತಕರಾರು ಬರ್ಲಿ, ಪೆಟ್ಟಿಗಿ ತಿಪ್ಪಿಗಿ, ನೀ ಅಡಗಿಮನಿಗಿ!"

"ಬರ್ಲಿ, ನೋಡೇ ಬಿಡೂಣು" ಅಂದೆ.

ಮಸ್ಕ್ಯಾಗ ಗುಂಯ್ ಅನ್ನೂದು ಸಾಫ್ ಬಂದಾತು. ಹುಡುಗಿ ಸೋದರಮಾವ ಯಾರ್ಯಾರು ಏನೇನು ಆಯೇರಿ ತಂದಾರ ಅಂತ ಕೂಗಾಕತ್ತಿದ್ದ: "ಮುದಗಲ್ ಬೀಗರಿಂದ ಒಂದು ಹಿತ್ತಾಳಿ ಕೊಡಾ!" ಕೂಗಿ ತಡದ. ನಮ್ಮ ಕಡೆ ಮೈಕು ಗುಂಯ್ ಅಂದ್ರನ ಚಾಲೂ ಐತಿ ಅಂತ ಲೆಕ್ಕ. ಸದ್ದಿಲ್ಲದ್ದ ನೋಡಿ, ಮೈಕು ಬಂದಾಗೇತಿ ಅಂತ ತಿಳಕೊಂಡು ಬಾಜೂದವಗ ಅಂದ: "ಈ ಕೊಡಾ ನಾನ ಅವರ ಮಗಳ ಮದಿವ್ಯಾಗ ಕೊಟ್ಟಿದ್ದೆ ಮಾರಾಯ! ನೆಗ್ಗಿದ್ದೂ ಹಂಗ ಐತಿ ನೋಡು!"

ಊರಿಗೂರ ಕೇಳ್ತು. ಮುದಗಲ್ ಬೀಗರು ಉಣ್ಣೂದು ಬಿಟ್ಟು ಎದ್ರು.

ಮರುದಿನ ಆ ಮಾವ ಅಂಗಡಿಗೇ ಬಂದ. "ನಿಮ್ಮ ಮಗಳ ಪೆಟ್ಟಿಗಿ ಬರೋಬರಿ ಇಲ್ರೀ!"

ಅಪ್ಪ ನನ್ನ ದಿಟ್ಟಿಸಿ, "ಯಾಕ್ರೀ, ಗುಂಯ್ ಅಂತೇನು?" ಅಂದ.

"ಗುಂಯ್ ಅಂದಿದ್ರ ನಾ ಬಾಯಿ ಮುಚ್ಕೊಂಡಿರ್ತಿದ್ದಿಲ್ಲೇನು? ಪಿಸುಮಾತೂ ಊರಿಗೆಲ್ಲಾ ಕೇಳಿಸ್ತೈತಿ!"

ಅಪ್ಪ ನಗು ತಡೀಲಾರದ ನನ್ನ ಕಡೆ ತಿರುಗಿದ: "ಉಳಿದ ಸೆಟ್ಟಿಗೂ ಒಂದೊಂದು ಮಾಡವ್ವಾ."