ಠಾಣೆಗೆ ಬಂದ ಹುಂಜ ಮತ್ತು ಇತರರು

ಖಾಕಿ ಹಾಕಿಕೊಂಡ ದಿನದಿಂದ ಬೆಂಗಳೂರಿನ ಉತ್ತರ ದಿಕ್ಕಿನಲ್ಲೇ ಸುತ್ತುತ್ತಿರುವ ಸಬ್ ಇನ್‌ಸ್ಪೆಕ್ಟರ್ ನಾನು. ಒಮ್ಮೆ ಯಶವಂತಪುರ, ಒಮ್ಮೆ ಆರ್.ಟಿ. ನಗರ, ಈಗ ಯಲಹಂಕ. ವರ್ಗವಾದಾಗಲೆಲ್ಲ ಹೆಬ್ಬಾಳದ ಫ್ಲೈಓವರನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ದಾಟಿದ್ದೇ ಬಂತು. ನೆಂಟರ ಮದುವೆಗೆ ಹೋದರೆ ಎಲ್ಲರೂ ಕೇಳುವುದು ಒಂದೇ ಮಾತು: "ಕೊಲೆ ಕೇಸು ನೋಡಿದ್ದೀಯೇನೇ?" ಕೊಲೆ ಅಪರೂಪ ಕಣ್ರೀ. ದಿನ ಬೆಳಗಾದರೆ ಬರುವ ಜನವೇ ಬೇರೆ. ಅವರು ಹೇಳುವುದನ್ನು ಕೇಳಿ ನಗುವ ಹಾಗಿಲ್ಲ, ಎದುರಿಗೆ ಕೂತವರಿಗೆ ಅದು ಜೀವ ಹೋಗುವ ವಿಷಯ. ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಳ್ಳುವುದನ್ನು ಮಾತ್ರ ಈ ಕೆಲಸ ನನಗೆ ಚೆನ್ನಾಗಿ ಕಲಿಸಿದೆ.

ಮೂವರೂ ಬೇಕು

ಆಗ ನಾನು ಟ್ರಾಫಿಕ್‌ನಲ್ಲಿದ್ದೆ. ಸೋಲದೇವನಹಳ್ಳಿ ಕಡೆ ಕಾಲೇಜುಗಳು ಜಾಸ್ತಿ. ಬೆಳಗ್ಗೆ ಹೊತ್ತು ಹೆಸರಘಟ್ಟ ರಸ್ತೆಯಲ್ಲಿ ನಿಂತರೆ ಒಂದು ಬೈಕಿನ ಮೇಲೆ ಎಷ್ಟು ಜನ ಕೂರಬಹುದು ಎಂಬ ವಿಷಯದಲ್ಲಿ ದಿನಕ್ಕೊಂದು ಹೊಸ ಪಾಠ ಆಗುತ್ತಿತ್ತು. ಒಂದು ದಿನ ಮೂವರು ಸಿಕ್ಕಿದರು.

"ಏನ್ರಪ್ಪಾ, ಇದು ಬೈಕೋ ಬಸ್ಸೋ?"

"ಎಕ್ಸಾಂ ಇದೆ ಮೇಡಂ, ಪ್ಲೀಸ್" ಅಂದ ಮುಂದೆ ಕೂತವನು.

ಪರೀಕ್ಷೆ ಅಂದರೆ ನನಗೂ ಕರುಳು ಚುರುಕ್ ಅನ್ನುತ್ತದೆ. "ಸರಿ, ಒಬ್ಬ ಇಳಿದು ಬಸ್ಸಲ್ಲಿ ಬರ್ಲಿ. ಇಬ್ಬರು ಹೋಗಿ. ಯಾರು ಇಳೀತೀರ?" ಅಂದೆ.

ಅಲ್ಲೇ ರಸ್ತೆ ಬದಿಯಲ್ಲಿ ಸಭೆ ಶುರುವಾಯಿತು.

"ನೀನ್ ಇಳಿಯೋ ಮಗಾ."

"ನಾನ್ ಇಳಿದ್ರೆ ಹೆಂಗೋ? ಲೈಸೆನ್ಸ್ ಇರೋದು ನನಗೊಬ್ಬನಿಗೇ."

"ಮತ್ತೆ ನಾನಾ? ಗಾಡಿ ನಮ್ಮಪ್ಪಂದು ಮಚ್ಚಾ. ಇವನ ಕೈಗೆ ಕೊಟ್ಟು ಇಳಿದೆ ಅಂತ ಗೊತ್ತಾದ್ರೆ ಮನೆಗೆ ಸೇರಿಸಲ್ಲ."

ಇಬ್ಬರೂ ಹ್ಯಾಂಡಲ್ ಹಿಡಿದವನ ಕಡೆ ತಿರುಗಿದರು. ಅವನು ನನ್ನ ಕಡೆ ತಿರುಗಿದ. "ಇವನಿಗೆ ಲೈಸೆನ್ಸ್ ಇದೆ ಮೇಡಂ, ಆದ್ರೆ ಒಂದ್ಸಲ ಬಿದ್ದ ಮೇಲೆ ಗಾಡಿ ಮುಟ್ಟೋಕೆ ಭಯ. ಅವನಿಗೆ ಗಾಡಿ ಇದೆ, ಓಡ್ಸೋಕೆ ಬರಲ್ಲ. ನನಗೆ ಓಡ್ಸೋಕೆ ಬರುತ್ತೆ, ಬೇರೆ ಏನೂ ಇಲ್ಲ."

ನಾನು ಗಾಡಿಯ ಕೀ ಕಿತ್ತುಕೊಂಡು ದಂಡ ಹಾಕುವ ಮೆಷಿನ್ನು ತೆಗೆದೆ. ಅವನು ತುಂಬ ವಿನಯವಾಗಿ ಹೇಳಿದ: "ಮೂರೂ ಜನ ಸೇರಿದ್ರೇನೇ ಮೇಡಂ, ನಾವು ಒಬ್ಬ ಸರಿಯಾದ ಡ್ರೈವರ್ ಆಗೋದು."

ನೆರೆಯವರ ಶಿಫಾರಸು

ಆರ್.ಟಿ. ನಗರದಲ್ಲಿದ್ದಾಗ ಪಾಸ್‌ಪೋರ್ಟ್ ವಿಚಾರಣೆಗೆ ಒಂದು ಮನೆಗೆ ಹೋಗಿದ್ದೆ. ಅರ್ಜಿ ಹಾಕಿದವರು ಮೇಲಿನ ಮಹಡಿಯಲ್ಲಿದ್ದ ನಿವೃತ್ತ ಎಂಜಿನಿಯರು. ಮಗಳ ಮನೆಗೆ ಕೆನಡಾಕ್ಕೆ ಹೊರಟಿದ್ದರು. ಎಲ್ಲ ಸರಿಯಾಗಿತ್ತು. ಅಕ್ಕಪಕ್ಕದವರನ್ನೂ ಒಂದು ಮಾತು ಕೇಳುವುದು ವಾಡಿಕೆ. ಕೆಳಗಿನ ಮನೆಯ ಬಾಗಿಲು ತಟ್ಟಿದೆ.

ಅಲ್ಲಿದ್ದವರು ಬಟ್ಟೆ ವ್ಯಾಪಾರದ ಒಬ್ಬ ಸಾಹೇಬರು. ಬಿಳಿ ಗಡ್ಡ, ಮೆತ್ತನೆಯ ಮಾತು. ಕೂರಿಸಿ ಚಹಾ ತರಿಸಿದರು. ಮೇಲಿನ ಮನೆಯವರ ಪಾಸ್‌ಪೋರ್ಟ್ ವಿಷಯ ಅಂದ ಕೂಡಲೇ ಅವರ ಮುಖ ಅರಳಿತು.

"ಬಹಳ ಶರೀಫ್ ಮನುಷ್ಯ ಮೇಡಂ. ಇಂಥವರು ಇಡೀ ಏರಿಯಾದಲ್ಲಿ ಸಿಗಲ್ಲ. ಬೇಗ ಕೊಡಿಸಿ. ಇವತ್ತೇ ಆಗುತ್ತಾ?"

ಇಷ್ಟು ಪ್ರೀತಿಯ ನೆರೆಯವರನ್ನು ನಾನು ನೋಡಿರಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಎಮ್ಮೆ ಈಯುವಾಗ ಕೂಗುವಂಥ ಒಂದು ಸದ್ದು ಬಂತು. ನಾನು ಬೆಚ್ಚಿಬಿದ್ದು ಎದ್ದು ನಿಂತೆ.

"ಏನಿಲ್ಲ, ಕೂತ್ಕೊಳ್ಳಿ" ಅಂದರು ಸಾಹೇಬರು ಶಾಂತವಾಗಿ. "ಸ್ಯಾಕ್ಸಫೋನ್. ರಿಟೈರ್ ಆದ ಮೇಲೆ ಕಲೀತಿದ್ದಾರೆ. ಬೆಳಗ್ಗೆ ಒಂದು ಪಾಠ, ಸಂಜೆ ಒಂದು ಪಾಠ."

ಆ ಸದ್ದಿಗೆ ಅವರ ಚಹಾದ ಕಪ್ ಸಾಸರಿನ ಮೇಲೆ ಸಣ್ಣಗೆ ನಡುಗುತ್ತಿತ್ತು. ನಾನು ಬರೆದುಕೊಳ್ಳುವುದನ್ನು ಮುಗಿಸಿ ಹೊರಟೆ. ಗೇಟಿನವರೆಗೂ ಬಂದರು.

"ವಿಮಾನದಲ್ಲಿ ಆ ಬಾಜಾನೂ ತಗೊಂಡು ಹೋಗೋಕೆ ಬಿಡ್ತಾರಲ್ವಾ ಮೇಡಂ?"

"ಬಿಡ್ತಾರೆ."

ಅವರಿಗೆ ಖುಷಿಯಾಯಿತು. ಆಮೇಲೆ ಏನೋ ಹೊಳೆದಂತೆ ದನಿ ತಗ್ಗಿಸಿ ಕೇಳಿದರು: "ಈ ಪಾಸ್‌ಪೋರ್ಟು ಹೋಗೋಕೆ ಮಾತ್ರಾನಾ, ಇಲ್ಲಾ ವಾಪಸ್ ಬರೋಕೂ ಇದೇ ನಡೆಯುತ್ತಾ?"

ಆರೋಪಿ ಹುಂಜ

ಜಕ್ಕೂರಿನಲ್ಲಿ ಹಳೇ ಊರಿಗೆ ಅಂಟಿಕೊಂಡ ಹಾಗೆ ಒಂದು ದೊಡ್ಡ ಅಪಾರ್ಟ್‌ಮೆಂಟು ಎದ್ದಿತು. ಜನ ಬಂದು ಸೇರಿ ವರ್ಷ ತುಂಬುವ ಮೊದಲೇ ಅಲ್ಲಿನ ಸಂಘದ ಸೆಕ್ರೆಟರಿ ಠಾಣೆಗೆ ಬಂದರು. ದೂರು ಏನೆಂದರೆ, ಕಾಂಪೌಂಡಿನಾಚೆಯ ಮನೆಯ ಹುಂಜ ಬೆಳಗಾಗುವ ಮೊದಲೇ ಕೂಗಿ ಎಲ್ಲರ ನಿದ್ದೆ ಕೆಡಿಸುತ್ತಿದೆ.

"ಹುಂಜ ಕೂಗದೆ ಇನ್ನೇನು ಮಾಡುತ್ತೆ ಸಾರ್?" ಅಂದೆ.

"ಇದು ಶಬ್ದಮಾಲಿನ್ಯ" ಅಂದರು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದನ್ನು ಕೇಳಿಸಿದರು. ಠಾಣೆಯೆಲ್ಲ ಕೊಕ್ಕೊಕ್ಕೋ ಅಂತು. ಲಾಕಪ್ಪಿನಲ್ಲಿ ಮಲಗಿದ್ದ ಒಬ್ಬ ಬೆಳಗಾಯಿತೆಂದು ಎದ್ದು ಕೂತ.

ಹುಂಜದ ಒಡತಿಗೆ ಹೇಳಿ ಕಳಿಸಿದೆ. ಮಾರನೇ ದಿನ ಅಜ್ಜಿಯೊಬ್ಬರು ಬಂದರು. ಕೊರಳಲ್ಲಿ ಗಟ್ಟಿ ಸರ, ಕಂಕುಳಲ್ಲಿ ಹುಂಜ. ಅಪಾರ್ಟ್‌ಮೆಂಟು ಎದ್ದಿದ್ದ ಜಾಗ ಮೊದಲು ಅವರದೇ ರಾಗಿ ಹೊಲವಂತೆ.

"ಇದನ್ನ ಯಾಕಜ್ಜಿ ತಂದ್ರಿ?"

"ನೀವೇ ಯೋಳಿ ಕಳಿಸಿದ್ರಲ್ಲವ್ವಾ, ಉಂಜದ ಮ್ಯಾಲೆ ಕಂಪ್ಲೇಂಟ್ ಅದೆ ಅಂತ. ನನ್ ಮ್ಯಾಲೇನೂ ಇಲ್ವಲ್ಲ. ಅದ್ಕೇ ಅದನ್ನೇ ಕರ್ಕೊಂಡ್ ಬಂದೆ."

ಸೆಕ್ರೆಟರಿಯನ್ನೂ ಕರೆಸಿದೆ. ಇಬ್ಬರನ್ನೂ ಎದುರುಬದುರು ಕೂರಿಸಿದೆ. ಹುಂಜವನ್ನು ಅಜ್ಜಿ ನನ್ನ ಮೇಜಿನ ಮೇಲೆ ಬಿಟ್ಟರು. ಅದು ಗಂಭೀರವಾಗಿ ಎರಡು ಹೆಜ್ಜೆ ಹಾಕಿ ಫೈಲಿನ ಮೇಲೆ ಕೂತಿತು.

"ನಮ್ ಉಂಜ ತುಂಬ ಸಾದು" ಅಂದರು ಅಜ್ಜಿ. "ಇವರಿಗೆ ಎಲ್ಲೋ ಬ್ಯಾರೇದು ಕೂಗಿರೋದು ಕೇಳ್ಸಿರ್ಬೇಕು."

ಸೆಕ್ರೆಟರಿಗೆ ರೇಗಿತು. "ಇದೇ ಮೇಡಂ. ಸ್ವಲ್ಪ ಹೊತ್ತು ಇರಿ, ನಿಮಗೇ ಗೊತ್ತಾಗುತ್ತೆ."

ಕಾದೆವು. ಹುಂಜ ಸೆಕ್ರೆಟರಿಯನ್ನು ನೋಡಿತು, ನನ್ನನ್ನು ನೋಡಿತು, ಬಾಗಿಲ ಬಳಿ ಬಂದೂಕು ಹಿಡಿದು ನಿಂತಿದ್ದ ಸೆಂಟ್ರಿಯನ್ನು ನೋಡಿತು. ತೆಪ್ಪಗೆ ಕೂತಿತ್ತು. ಸೆಕ್ರೆಟರಿ ತಾವೇ ಬಾಯಿಗೆ ಕೈ ಅಡ್ಡ ಹಿಡಿದು ಕೊಕ್ಕೊಕ್ಕೋ ಅಂತ ಕೂಗಿ ಕೆಣಕಿದರು. ಅದು ಕಣ್ಣು ಮುಚ್ಚಿಕೊಂಡಿತು. ಹೊರಗೆ ಅರ್ಜಿ ಹಿಡಿದು ಕಾದಿದ್ದವರು ಒಬ್ಬೊಬ್ಬರಾಗಿ ಬಂದು ಸೆಕ್ರೆಟರಿಯನ್ನು ಇಣುಕಿ ನೋಡಿ ಹೋದರು.

ಕೊನೆಗೆ ರಾತ್ರಿ ಹೊತ್ತು ಹುಂಜವನ್ನು ಹಿಂದಿನ ಕೊಟ್ಟಿಗೆಯಲ್ಲಿ ಮುಚ್ಚಿಡುವುದಾಗಿ ಅಜ್ಜಿ ಒಪ್ಪಿದರು, ಅಪಾರ್ಟ್‌ಮೆಂಟಿನವರು ಕಿಟಕಿ ಹಾಕಿಕೊಳ್ಳುವುದಾಗಿ ಒಪ್ಪಿದರು. ರಾಜಿ ಆಯಿತು. ಸೆಕ್ರೆಟರಿ ಎದ್ದು ಹೋದ ಮೇಲೆ ನಾನು ಕೇಳಿದೆ: "ನಿಜ ಹೇಳಿ ಅಜ್ಜಿ, ಕೂಗೋ ಹುಂಜ ಇದೇನಾ?"

"ಊಂ, ಇದೇಯಾ."

"ಮತ್ತೆ ಇಲ್ಲಿ ಯಾಕೆ ಕೂಗ್ಲಿಲ್ಲ?"

ಅಜ್ಜಿ ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದರು. "ಪೋಲೀಸ್ ಟೇಷನ್‌ಗೆ ಬಂದ್ ಮ್ಯಾಲೆ ಯಾರವ್ವಾ ಅಷ್ಟು ಸುಲಭಕ್ಕೆ ಬಾಯ್ ಬಿಡ್ತಾರೆ?"

ಕೈ ಖಾಲಿ ಇರಲಿಲ್ಲ

ಯಶವಂತಪುರದಲ್ಲಿ ನಮಗೆಲ್ಲ ಪರಿಚಯವಿದ್ದ ಒಬ್ಬ ಹಳೇ ಜೇಬುಗಳ್ಳನಿದ್ದ. ಕೆಲಸ ಬಿಟ್ಟಿದ್ದೇನೆ ಎಂದು ಹೇಳಿಕೊಂಡು ಹಣ್ಣಿನ ಗಾಡಿ ತಳ್ಳುತ್ತಿದ್ದ. ನಾವೂ ನಂಬಿದ್ದೆವು. ಒಂದು ಮಧ್ಯಾಹ್ನ ಕೆಂಡಾಮಂಡಲವಾಗಿ ಠಾಣೆಗೆ ಬಂದ.

"ಏನ್ ಮೇಡಂ ಇದು, ಈ ಊರಲ್ಲಿ ಮಾನವಂತರು ಬಸ್ ಹತ್ತೋ ಹಾಗಿಲ್ವಾ? ನನ್ನ ಮೊಬೈಲ್ ಹೊಡೆದುಬಿಟ್ರು."

ಪಕ್ಕದ ಹೆಡ್ ಕಾನ್‌ಸ್ಟೇಬಲ್ಲು ಕೆಮ್ಮು ಬಂದವರಂತೆ ಎದ್ದು ಹೊರಗೆ ಹೋದರು. ನಾನು ಟೋಪಿ ಸರಿಮಾಡಿಕೊಂಡು ದೂರು ಬರೆದುಕೊಳ್ಳಲು ಕೂತೆ. ಕಳೆದುಕೊಂಡವನು ಯಾರಾದರೇನು, ದೂರು ದೂರೇ.

"ಯಾರ ಮೇಲಾದ್ರೂ ಅನುಮಾನ?"

"ಯಾರೋ ಹೊಸಬ ಮೇಡಂ. ಕೈಲಿ ಸ್ವಲ್ಪವೂ ನಯ ಇಲ್ಲ. ಫೋನು ಎಳೀವಾಗ ಉಗುರು ತಾಗಿಸ್ತಾನೆ. ನಮ್ಮ ಕಾಲದಲ್ಲಿ ಹಿಂಗೆಲ್ಲ ಇರ್ಲಿಲ್ಲ."

"ಅಂದ್ರೆ ಅವನು ಎಳೀವಾಗ್ಲೇ ನಿನಗೆ ಗೊತ್ತಾಯ್ತಾ?"

"ಗೊತ್ತಾಗದೆ ಏನ್ ಮೇಡಂ. ಇಷ್ಟು ವರ್ಷದ ಅನುಭವ."

"ಮತ್ತೆ ಅಲ್ಲೇ ಅವನ ಕೈ ಹಿಡೀಬೇಕಿತ್ತಲ್ಲ ಮಾರಾಯ?"

"ಎಲ್ಲಿಂದ ಹಿಡೀಲಿ ಮೇಡಂ" ಅಂದ, ಸಿಟ್ಟಿನಲ್ಲಿ. "ನನ್ನ ಕೈ ಆಗ ಮುಂದಿನವನ ಜೇಬಲ್ಲಿತ್ತು."

ನಾನು ಬರೆಯುತ್ತಲೇ ಇದ್ದೆ. ಆಮೇಲೆ ಅವನೇ ಮೆತ್ತಗೆ ಕೇಳಿದ: "ಅದನ್ನೂ ಬರ್ಕೊಂಡ್ರಾ?"

ಟೀಚರಮ್ಮನ ಗ್ರಿಲ್ಲು

ಇದು ಯಲಹಂಕ ಉಪನಗರದ ಕಥೆ. ಒಬ್ಬ ನಿವೃತ್ತ ಟೀಚರಮ್ಮನ ಚಿನ್ನದ ಸರವನ್ನು ವಾಕಿಂಗ್ ಹೊತ್ತಿನಲ್ಲಿ ಯಾರೋ ಕಿತ್ತುಕೊಂಡು ಹೋಗಿದ್ದರು. ತೀರಿಹೋದ ಯಜಮಾನರು ಮಾಡಿಸಿಕೊಟ್ಟ ಸರ. ಅದು ಕೊನೆಗೆ ಅವರ ಕೊರಳು ಸೇರಿತು, ಆ ಬಗ್ಗೆ ಚಿಂತೆ ಬೇಡ. ಸೇರುವ ಮೊದಲು ನಡೆದದ್ದನ್ನು ಹೇಳುತ್ತೇನೆ.

ಕಳ್ಳ ಸಿಕ್ಕಿಬಿದ್ದ, ಸರವೂ ಸಿಕ್ಕಿತು. ಗುರುತು ಹಿಡಿಯಲು ಠಾಣೆಗೆ ಬರಬೇಕೆಂದು ಹೇಳಲು ಖುಷಿಯಿಂದ ನಾನೇ ಫೋನ್ ಮಾಡಿದೆ. ಅದಕ್ಕೆ ಸ್ವಲ್ಪ ದಿನದ ಹಿಂದೆ ಅವರ ಬಡಾವಣೆಯ ಪಾರ್ಕಿನಲ್ಲಿ ಹಿರಿಯರಿಗೆಲ್ಲ ಸೈಬರ್ ವಂಚನೆ ಬಗ್ಗೆ ತಿಳಿವಳಿಕೆ ಹೇಳಿದ್ದೆ. ಪೊಲೀಸ್ ಎಂದು ಫೋನ್ ಮಾಡುವವರನ್ನು ನಂಬಬೇಡಿ, ಯೂನಿಫಾರ್ಮ್ ಹಾಕಿ, ಹಿಂದೆ ಠಾಣೆಯ ಸೆಟ್ ಕಟ್ಟಿಕೊಂಡು ವಿಡಿಯೋದಲ್ಲಿ ಕಂಡರೂ ನಂಬಬೇಡಿ ಎಂದು. ಟೀಚರಮ್ಮ ಮುಂದಿನ ಸಾಲಿನಲ್ಲೇ ಕೂತು ಕೇಳಿದ್ದರು.

"ನಾನು ಸಬ್ ಇನ್‌ಸ್ಪೆಕ್ಟರ್ ಮಾತಾಡ್ತಿರೋದು ಟೀಚರ್. ನಿಮ್ಮ ಸರ ಸಿಕ್ಕಿದೆ."

"ಹೌದಾ?" ಅಂದರು. "ದನಿ ಕೇಳಿದ್ರೆ ಒಳ್ಳೆ ಮನೆ ಹುಡುಗಿ ಥರ ಇದ್ದೀಯಮ್ಮ. ಈ ದಂಧೆಗೆ ಯಾಕೆ ಬಂದೆ?"

"ಅಯ್ಯೋ ಟೀಚರ್, ಪಾರ್ಕಲ್ಲಿ ಬಂದು ಮಾತಾಡಿದ್ದು ನಾನೇ."

"ಅವರ ಹೆಸರು ಕೆಡಿಸ್ಬೇಡ. ಅವರು ತೆಳ್ಳಗಿದ್ರು. ನಿನ್ನ ದನಿ ದಪ್ಪ ಇದೆ."

ವಿಡಿಯೋ ಕಾಲ್ ಮಾಡಿದೆ. ಕನ್ನಡಕ ಏರಿಸಿ ನೋಡಿದರು. "ಮುಖಾನೂ ದಪ್ಪಾನೇ. ಹಿಂದೆ ಕಾಣ್ತಿರೋ ಗೋಡೆ ತಟ್ಟಿ ತೋರ್ಸು, ಸದ್ದು ಕೇಳ್ತೀನಿ."

ನಮ್ಮ ಠಾಣೆಯ ಗೋಡೆಯನ್ನು ನಾನು ತಟ್ಟಿದೆ. ಹಳೇ ಕಟ್ಟಡ, ಸುಣ್ಣದ ದೊಡ್ಡದೊಂದು ಚಕ್ಕೆ ದೊಪ್ಪನೆ ಉದುರಿತು.

"ಥರ್ಮಾಕೋಲು" ಎಂದು ಹೇಳಿ ಟೀಚರಮ್ಮ ಫೋನ್ ಇಟ್ಟರು.

ಇನ್ನು ಖುದ್ದಾಗಿ ಹೋಗುವುದೇ ವಾಸಿ ಎಂದು ಸಂಜೆ ನನ್ನ ಸ್ಕೂಟರಿನಲ್ಲಿ, ಯೂನಿಫಾರ್ಮಿನಲ್ಲೇ, ಅವರ ಮನೆಗೆ ಹೋದೆ. ಬಾಗಿಲು ತೆರೆದವರು ಜಗಳ ಮಾಡಲಿಲ್ಲ. "ಬನ್ನಿ ಬನ್ನಿ" ಎಂದು ವೆರಾಂಡದಲ್ಲಿ ಕುರ್ಚಿ ಹಾಕಿ ಕೂರಿಸಿದರು. "ಕಾಫಿ ತರ್ತೀನಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎಷ್ಟು ಮರ್ಯಾದಸ್ಥರು ಎಂದುಕೊಳ್ಳುತ್ತಿದ್ದ ಹಾಗೆಯೇ, ಹಿತ್ತಿಲ ಬಾಗಿಲಿಂದ ಸುತ್ತಿ ಬಂದು ವೆರಾಂಡದ ಗ್ರಿಲ್ಲಿಗೆ ಹೊರಗಿನಿಂದ ಬೀಗ ಜಡಿದರು.

ಆಮೇಲೆ ನನ್ನೆದುರಿಗೇ ನಿಂತು 112ಕ್ಕೆ ಫೋನ್ ಮಾಡಿದರು. "ನಕಲಿ ಪೊಲೀಸ್ ಒಬ್ಬಳನ್ನ ಹಿಡಿದಿಟ್ಟಿದ್ದೀನಿ. ಬೇಗ ಬನ್ನಿ. ಓಡಿಹೋಗಲ್ಲ, ಬೀಗ ಹಾಕಿದ್ದೀನಿ."

ನಾನೂ ಠಾಣೆಗೆ ಫೋನ್ ಮಾಡಬಹುದಿತ್ತು. ಏನೆಂದು ಹೇಳಲಿ? ನನ್ನನ್ನು ಬಿಡಿಸಿಕೊಂಡು ಹೋಗಿ ಎಂದೇ? ಸುಮ್ಮನೆ ಕೂತೆ. ಬೀದಿಯ ಜನ ಸೇರಿದರು. ಎದುರು ಮನೆಯ ಹೆಂಗಸು ಗ್ರಿಲ್ಲಿನ ಹತ್ತಿರ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೊಲಿಗೆ ಚೆನ್ನಾಗಿದೆ. ಎಲ್ಲಿ ಹೊಲಿಸಿದ್ದು?" ಎಂದು ಕೇಳಿದರು. ಟೀಚರಮ್ಮ ಮಾತ್ರ ನಿಜಕ್ಕೂ ಕೊಟ್ಟ ಮಾತಿನಂತೆ ಕಾಫಿ ತಂದು ಗ್ರಿಲ್ಲಿನ ಸಂದಿಯಿಂದ ಲೋಟ ಕೊಟ್ಟರು. "ಕುಡಿಯಮ್ಮ. ಆಮೇಲೆ ಅಲ್ಲಿ ಏನ್ ಕೊಡ್ತಾರೋ ಏನೋ."

ಸೈರನ್ ಹಾಕಿಕೊಂಡು ಗಸ್ತಿನ ಹೊಯ್ಸಳ ಗಾಡಿ ಬಂತು. ಇಳಿದವರು ನಮ್ಮ ಠಾಣೆಯ ಎಎಸ್ಐ. ಲಾಠಿ ಬೀಸಿಕೊಂಡು, "ಎಲ್ರೂ ಸರೀರಿ, ಎಲ್ಲಿದ್ದಾಳಮ್ಮ ಅವಳು?" ಎನ್ನುತ್ತ ಜನರನ್ನು ಬಿಡಿಸಿಕೊಂಡು ಗ್ರಿಲ್ಲಿನ ಮುಂದೆ ಬಂದರು. ಕಾಫಿ ಲೋಟ ಹಿಡಿದು ಕೂತಿದ್ದ ನನ್ನನ್ನು ಕಂಡರು. ಹಳೇ ಅಭ್ಯಾಸ ನೋಡಿ, ಎರಡೂ ಹಿಮ್ಮಡಿ ಟಪ್ಪೆಂದು ಸೇರಿಸಿ ಸೆಲ್ಯೂಟ್ ಹೊಡೆದರು.

ಟೀಚರಮ್ಮ ಅವರನ್ನು ನೋಡಿದರು, ನನ್ನನ್ನು ನೋಡಿದರು, ಗೇಟಿನಾಚೆ ನಿಂತ ಗಾಡಿಯನ್ನೂ ನೋಡಿದರು. ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಎದುರು ಮನೆಯ ಹೆಂಗಸಿಗೆ ಮೆಲ್ಲಗೆ ಹೇಳಿದರು:

"ಒಳಗೆ ಹೋಗಿ ಬಾಗಿಲು ಹಾಕ್ಕೊಳ್ರೀ. ಗ್ಯಾಂಗೇ ಬಂದಿದೆ."