ಬೆನ್ಯೇ ಕರಿಯಲು ಹೋಗಿ

ಕೆಲವರ ಮನೇಲಿ ಹೊಸ ತಿಂಡಿ ಮಾಡಿದರೆ ತಿಂದು ಕೈ ತೊಳೆದುಕೊಳ್ಳುತ್ತಾರೆ, ಅಲ್ಲಿಗೆ ಮುಗೀತು. ನಮ್ಮನೇಲಿ ಹಾಗಲ್ಲ. ಬಾಣಲೆ ಒಲೆ ಏರೋದಕ್ಕೆ ಮೊದಲೇ ಏನಾದರೊಂದು ಆಗಿರುತ್ತೆ. ದೇವನಹಳ್ಳಿ ಪಕ್ಕದ ಹಳ್ಳಿ ನಮ್ಮದು. ಮನೇಲಿ ನಾನು, ಯಜಮಾನ್ರು, ಅತ್ತೆ, ಒಂದು ಹಸು. ನಾನು ಫ್ರಾನ್ಸ್ ದೇಶದ ತಿಂಡಿ ಮಾಡ್ತೀನಿ ಅಂತ ಹೊರಟು, ಈ ನಾಲ್ಕೂ ಜನ ಪಟ್ಟ ಪಾಡು ಹೇಳ್ತೀನಿ.

ಹೆಸರು

ಯಜಮಾನ್ರು ಏರ್‌ಪೋರ್ಟ್ ಕ್ಯಾಬ್ ಓಡಿಸ್ತಾರೆ. ಒಂದು ದಿನ ಹೋಟೆಲ್ ಮುಂದೆ ಕಾಯ್ತಾ ಇದ್ದಾಗ ಗಿರಾಕಿಯೊಬ್ಬರು ಕರೆದು ತಿಂಡಿ ಕೊಟ್ಟರಂತೆ. ಚೌಕಾಕಾರ, ಎಣ್ಣೇಲಿ ಕರಿದದ್ದು, ಒಳಗೆ ಪೊಳ್ಳು, ಮೇಲೆ ಧಾರಾಳವಾಗಿ ಪುಡಿಸಕ್ಕರೆ.

"ಫ್ರಾನ್ಸಿನವರ ಬೋಂಡಾ ಕಣೆ, ಬೆನ್ಯೇ ಅಂತಾರೆ. ಭಾನುವಾರ ನೀನೂ ಮಾಡು" ಅಂದರು.

ಅತ್ತೆಗೆ ಕಿವಿ ಸ್ವಲ್ಪ ಮಂದ. "ಬೆಣ್ಣೇನ ಕಾಯಿಸ್ತಾರೆ ಕಣೋ. ಕರೀತಾರಾ?" ಅಂದರು.

"ಬೆಣ್ಣೆ ಅಲ್ಲಮ್ಮ, ಬೆನ್ಯೇ."

"ಅದೇ ನಾನೂ ಹೇಳಿದ್ದು."

ಮಾರನೇ ದಿನ ಡೈರಿಗೆ ಹಾಲು ಹಾಕೋಕೆ ಹೋದವರು, ನಮ್ಮ ಸೊಸೆ ಭಾನುವಾರ ಬೆಣ್ಣೇನ ಎಣ್ಣೇಲಿ ಕರೀತಾಳಂತೆ ಅಂತ ಎಲ್ಲರಿಗೂ ಹೇಳಿ ಬಂದರು. ಸಂಜೆ ಎದುರುಮನೆಯಾಕೆ ಬಂದು ನನ್ನನ್ನು ಪಕ್ಕಕ್ಕೆ ಕರೆದರು. "ಏನೂ ತಲೆಗೆ ಹಚ್ಕೋಬೇಡಮ್ಮ. ನಾಲ್ಕು ದಿನ ತವರಿಗೆ ಹೋಗಿ ಬಾ, ಎಲ್ಲ ಸರಿಹೋಗುತ್ತೆ."

ಈಸ್ಟ್

ಮೊಬೈಲಲ್ಲಿ ವಿಡಿಯೋ ನೋಡಿದೆ. ಮೈದಾ, ಹಾಲು, ಸಕ್ಕರೆ ಎಲ್ಲ ಮನೇಲಿತ್ತು. ಹಿಟ್ಟು ಉಬ್ಬೋಕೆ ಈಸ್ಟ್ ಬೇಕಿತ್ತು. ನಮ್ಮೂರ ದಿನಸಿ ಅಂಗಡಿಯವರು ಸೈಟ್ ವ್ಯಾಪಾರವನ್ನೂ ಮಾಡ್ತಾರೆ. ಅದು ನನಗೆ ಆಗ ನೆನಪಿರಲಿಲ್ಲ.

"ಅಣ್ಣ, ಈಸ್ಟ್ ಇದೆಯಾ?" ಅಂದೆ.

ಅವರು ತೂಕ ಮಾಡ್ತಿದ್ದ ಬೇಳೆ ಬಿಟ್ಟು ಎದ್ದು ನಿಂತರು. "ಇದೆಯಮ್ಮ. ಕೂತ್ಕೋ. ಥರ್ಟಿ ಫಾರ್ಟಿನಾ, ಅದಕ್ಕಿಂತ ದೊಡ್ಡದಾ?"

"ಚಿಕ್ಕದು ಸಾಕಣ್ಣ, ಮೊದಲನೇ ಸಲ."

"ಒಳ್ಳೇದು. ಯಜಮಾನ್ರು ನೋಡಬೇಕಲ್ಲ?"

"ಅವರು ತಿನ್ನೋಕೆ ಮಾತ್ರ ಬರ್ತಾರೆ. ಮಾಡೋದು ನಾನೇ."

"ತಿನ್ನೋಕಾ?" ಅಂದರು ಅಂಗಡಿಯವರು. ಬ್ರೆಡ್ಡು ಬನ್ನಿಗೆ ಹಾಕೋ ಈಸ್ಟ್ ಅಂತ ಬಿಡಿಸಿ ಹೇಳಿದ ಮೇಲೆ ಮುಖ ಸಪ್ಪಗಾಗಿ, "ಅದು ಬೇಕರಿಯಲ್ಲಿ ಸಿಗುತ್ತೆ" ಅಂದರು. ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕರೆದು, "ವೆಸ್ಟ್ ಫೇಸಿಂಗ್ ಕೂಡ ಒಂದಿದೆ, ಮನೇಲಿ ಕೇಳಿ ನೋಡಮ್ಮ" ಅಂದರು.

ಹಸು

ಭಾನುವಾರ ಬೆಳಿಗ್ಗೆ ದೊಡ್ಡ ಪಾತ್ರೆ ತುಂಬ ಹಿಟ್ಟು ಕಲಸಿ, ಮುಚ್ಚಿಟ್ಟು, ಬಟ್ಟೆ ಒಗೆಯೋಕೆ ಹೋದೆ. ವಾಪಸ್ ಬಂದರೆ ಪಾತ್ರೆ ಖಾಲಿ.

"ಹಿಟ್ಟು ಹಳಸಿ ಉಬ್ಬಿತ್ತಲ್ಲಮ್ಮ, ಹುಳಿ ವಾಸನೆ ಬೇರೆ. ಹಸುಗೆ ಹಾಕ್ಬಿಟ್ಟೆ" ಅಂದರು ಅತ್ತೆ.

ಕೊಟ್ಟಿಗೆಗೆ ಓಡಿದೆ. ಪಾತ್ರೇಲಿ ಉಬ್ಬಬೇಕಿದ್ದ ಹಿಟ್ಟು ಹಸು ಹೊಟ್ಟೇಲಿ ಉಬ್ಬುತ್ತಾ ಇತ್ತು. ಎಡಗಡೆ ಹೊಟ್ಟೆ ತಮಟೆ ಹಾಗೆ ಬಿಗಿದುಕೊಂಡಿದೆ, ಹಸು ಬಾಯಿ ತೆರೆದು ಏದುಸಿರು ಬಿಡ್ತಿದೆ. ಯಜಮಾನ್ರು ದನದ ಡಾಕ್ಟರಿಗೆ ಫೋನ್ ಮಾಡಿದರು.

"ಏನು ತಿಂದಿದೆ?"

"ಫ್ರಾನ್ಸ್ ತಿಂಡಿ ಹಿಟ್ಟು ಸಾರ್."

"ಹಸುನೂ ಫ್ರಾನ್ಸಿಂದಲೇ ತಂದಿದ್ದಾ?"

"ಇಲ್ಲ ಸಾರ್, ಇಲ್ಲೇ ಹತ್ತಿರದ ಮಧುರೆಯಿಂದ."

ಡಾಕ್ಟರ್, "ಬರ್ತಾ ಇದೀನಿ. ಅಷ್ಟರಲ್ಲಿ ಅಡುಗೆ ಎಣ್ಣೆ ಕುಡಿಸಿ. ಹುಷಾರು, ನೆತ್ತಿಗೆ ಹತ್ತಬಾರದು" ಅಂದರು.

ಗೋಡೆಯಾಚೆ ಮನೆ ನಮ್ಮ ಭಾವನದು, ಯಜಮಾನ್ರ ಅಣ್ಣ. ಆ ಗೋಡೆ ಯಾರಿಗೆ ಸೇರಿದ್ದು ಅಂತ ಜಗಳವಾಗಿ ಅಣ್ಣ ತಮ್ಮ ಮಾತು ಬಿಟ್ಟು ಎರಡು ವರ್ಷ ಆಗಿತ್ತು. ನಮ್ಮ ಗಲಾಟೆ ಕೇಳಿ ಭಾವ ಅದೇ ಗೋಡೆ ಹಾರಿ ಬಂದು ಹಸು ಕತ್ತು ಹಿಡಿದುಕೊಂಡರು. ಯಜಮಾನ್ರು ಬಿದಿರ ಗೊಟ್ಟದಲ್ಲಿ ಎಣ್ಣೆ ತಂದರು. ಮಧ್ಯೆ ಇದ್ದದ್ದು ಒಂದು ಹಸು ತಲೆ ಅಷ್ಟೆ, ಆದರೂ ಮಾತೆಲ್ಲ ನನ್ನ ಮೂಲಕವೇ.

"ನಿಧಾನಕ್ಕೆ ಹುಯ್ಯೋಕೆ ಹೇಳಮ್ಮ ಅವನಿಗೆ."

"ತಲೆ ಗಟ್ಟಿಯಾಗಿ ಹಿಡ್ಕೊಳ್ಳೋಕೆ ಹೇಳೆ ಅವರಿಗೆ."

ಬಾಣಲೆಗೆ ಅಂತ ತಂದಿದ್ದ ಎಣ್ಣೆಯೂ ಹಸು ಹೊಟ್ಟೆ ಸೇರಿತು. ಭಾವ ಹೊಟ್ಟೆ ತಿಕ್ಕಿದರು, ಅಂಗಳದಲ್ಲಿ ನಡೆಸಿದರು. ಕೊನೆಗೆ ಹಸು ನಿಂತು, ಕತ್ತು ಚಾಚಿ, ಒಂದು ತೇಗು ತೇಗಿತು. ಅಂಥ ತೇಗು ನಾನು ಮದುವೆ ಪಂಕ್ತೀಲೂ ಕೇಳಿಲ್ಲ. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಕಣ್ಣೊರೆಸಿಕೊಂಡೆ. ಡಾಕ್ಟರ್ ಬರೋ ಹೊತ್ತಿಗೆ ಹಸು ಹುಲ್ಲಿಗೆ ಬಾಯಿ ಹಾಕ್ತಿತ್ತು.

ಆ ತೇಗಿಗೆ, ದೇವರ ಮುಂದೆ ಕೂತಿದ್ದ ಅತ್ತೆ ಒಳಗಿಂದ ಕೂಗಿದರು, "ಬಂದೇ ಇರಪ್ಪ, ಯಾರದು ಕರೀತಿರೋದು?"

ಭಾವ

ಮುಂದಿನ ಭಾನುವಾರ ಅಡುಗೆಮನೆಗೆ ಚಿಲಕ ಹಾಕಿಕೊಂಡು ಮತ್ತೆ ಕಲಸಿದೆ. ಹಸು ಉಳಿಸಿಕೊಟ್ಟ ಭಾವನನ್ನ ಬಿಟ್ಟು ತಿನ್ನೋಕೆ ಮನಸ್ಸು ಬರಲಿಲ್ಲ, ಹೋಗಿ ಕರೆದೆ. ಬರಲ್ಲ ಅಂದುಕೊಂಡಿದ್ದೆ. ಒಗೆದ ಶರ್ಟ್ ಹಾಕಿಕೊಂಡು ಬಂದರು, ಈ ಸಲ ಬಾಗಿಲಿಂದ.

ಅಣ್ಣ ತಮ್ಮ ಎದುರು ಬದುರು ಕೂತರು. ಒಬ್ಬರು ಫ್ಯಾನ್ ನೋಡ್ತಾರೆ, ಇನ್ನೊಬ್ಬರು ಕ್ಯಾಲೆಂಡರ್ ನೋಡ್ತಾರೆ. ಬೆನ್ಯೇ ಮಾತ್ರ ಪೂರಿ ಹಾಗೆ ಉಬ್ಬಿ ಬಂದವು. ಸಂತೋಷಕ್ಕೆ ನಾನು ಪುಡಿಸಕ್ಕರೆ ಜರಡಿಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿಯೇ ಉದುರಿಸಿ, ದೊಡ್ಡ ತಟ್ಟೇಲಿ ತಂದುಕೊಟ್ಟೆ.

ಭಾವ ತಟ್ಟೆ ಕೈಗೆ ತಗೊಂಡು ಒಂದನ್ನು ಬಾಯಿಗಿಟ್ಟರು. ಅದೇ ಗಳಿಗೇಲಿ ಏನೋ ಹೇಳಬೇಕು ಅನ್ನಿಸಿತು ಅಂತ ಕಾಣುತ್ತೆ. "ನೋಡು, ಆ ಗೋಡೆ..." ಅಂದರು. ಏನಂತಾರೋ ಅಂತ ಯಜಮಾನ್ರು ಮುಂದಕ್ಕೆ ಬಗ್ಗಿದರು. ಸಕ್ಕರೆ ಭಾವನ ಗಂಟಲಿಗೆ ಹೋಯಿತು. ಕೆಮ್ಮಿದರು ನೋಡಿ, ತಟ್ಟೇಲಿದ್ದ ಸಕ್ಕರೆ ಪೂರ್ತಿ ಮೇಲೆದ್ದು ಇಬ್ಬರ ಮುಖದ ಮೇಲೂ ಕೂತಿತು. ಕೂದಲು, ಹುಬ್ಬು, ಮೀಸೆ, ಎಲ್ಲ ಬಿಳಿ.

ಯಜಮಾನ್ರು ಹಾಗೇ ಎದ್ದು ಭಾವನ ಬೆನ್ನು ತಟ್ಟಿದರು. "ನೀರು ಕುಡಿ ಅಣ್ಣ" ಅಂದರು. ನನ್ನ ಮೂಲಕ ಅಲ್ಲ, ನೇರವಾಗಿ.

ಭಾವ ನೀರು ಕುಡಿದು ತಲೆ ಎತ್ತಿದರು, ತಮ್ಮನ ಮುಖ ನೋಡಿದರು, ನಗೋಕೆ ಶುರು ಮಾಡಿದರು. ಅವರು ನಕ್ಕಿದ್ದಕ್ಕೆ ಇವರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಗಲಾಟೆಗೆ ಒಳಗಿಂದ ಬಂದ ಅತ್ತೆ ಇಬ್ಬರು ಮಕ್ಕಳನ್ನೂ ತಲೆಯಿಂದ ಮೀಸೆವರೆಗೆ ನೋಡಿ ಹೇಳಿದರು:

"ಹೆತ್ತವಳು ನಾನೇ ಇನ್ನೂ ಗಟ್ಟಿಯಾಗಿದ್ದೀನಿ. ನೀವಾಗಲೇ ಮುದುಕರಾಗ್ಬಿಟ್ರಲ್ಲೋ."