ನಾರ್ಡಿಕ್ ಬ್ಯಾಂಡಿನಲ್ಲಿ ಒಬ್ಬ ಮೈಸೂರಿನವನು

ಬೇರೆಯವರ ಜೀವನದಲ್ಲಿ ವರ್ಷಕ್ಕೊಮ್ಮೆ ಆಗೋ ಎಡವಟ್ಟು ನಮ್ಮ ಬ್ಯಾಂಡಿನಲ್ಲಿ ಪ್ರತಿ ಪ್ರಾಕ್ಟೀಸಿಗೂ ಆಗುತ್ತಿತ್ತು. ನಮ್ಮದು ನಾರ್ವೆ, ಸ್ವೀಡನ್ ಕಡೆಯ ಹಳೇ ಜಾನಪದ ಇಟ್ಟುಕೊಂಡು ಮಾಡೋ ಹೊಸ ಸಂಗೀತ. ಕೊಂಬು, ಚರ್ಮದ ವಾದ್ಯ, ಗುಂಯ್ ಅನ್ನೋ ಶ್ರುತಿ, ಒಂದಿಷ್ಟು ಹೊಗೆ. ಹಾಡು ಶುರುವಾಗಿದೆಯೋ, ಇನ್ನೂ ಮೈಕ್ ಟೆಸ್ಟ್ ನಡೀತಿದೆಯೋ ಅಂತ ಕೇಳೋರಿಗೆ ಕೊನೇವರೆಗೂ ಅನುಮಾನ ಇರಬೇಕು. ಅದೇ ಅದರ ಸೊಗಸು.

ಗಂಟಲ ವಿದ್ಯೆ

ಡಾಲರ್ ಸಂಬಳಕ್ಕೆ ಬಂದು ಸೇರಿದ ಓವರ್‌ಲೇಕ್‌ನ ಆಫೀಸಲ್ಲಿ ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಮಧ್ಯಾಹ್ನ ಊಟ ಆದಮೇಲೆ ರೆಸ್ಟ್‌ರೂಮಿಗೆ ಹೋಗಿ, ತಲೆ ಹಿಂದಕ್ಕೆ ಹಾಕಿ, ಗಂಟಲಲ್ಲಿ ನೀರು ಗಳಗಳ ಮಾಡಿ, ಜೋರಾಗಿ ಕ್ಯಾಕರಿಸಿ ಬರದಿದ್ದರೆ ನನಗೆ ಉಂಡಂಗೇ ಆಗಲ್ಲ. ಒಂದಿನ ಈ ಸಂಭ್ರಮ ಮುಗಿಸಿ ಕನ್ನಡಿ ನೋಡಿದರೆ ಹಿಂದೆ ಪಕ್ಕದ ಟೀಮಿನವನು ನಿಂತಿದ್ದಾನೆ. ಎದೆಮಟ್ಟ ಗಡ್ಡ, ಅಜ್ಜ ನಾರ್ವೆಯವನಂತೆ. ಬೈತಾನೆ ಅಂದುಕೊಂಡು ಸಾರಿ ಹೇಳೋಕೆ ಬಾಯಿ ತೆಗೆದೆ. ಅವನ ಕಣ್ಣಲ್ಲಿ ನೀರು!

“ಇಂಥ ದನಿಗೋಸ್ಕರ ಎಲ್ಲೆಲ್ಲಿ ಹುಡುಕಿದೆ ಗೊತ್ತಾ? ಇದು ಯಾವ ಪರಂಪರೆ?”

“ಮೈಸೂರು,” ಅಂದೆ.

“ಎಷ್ಟು ವರ್ಷದ ಸಾಧನೆ?”

“ಹಲ್ಲು ಬಂದಾಗಿನಿಂದ.”

ಸಂಜೆಯೊಳಗೆ ಬ್ಯಾಂಡಿಗೆ ಸೇರಿಸಿಕೊಂಡ.

ಜಿಂಕೆ ಚರ್ಮ

ಒಂದು ಶನಿವಾರ ನಮ್ಮ ಗ್ಯಾರೇಜಿನಲ್ಲೇ ಪ್ರಾಕ್ಟೀಸು. ಗಡ್ಡದವನು ಜಿಂಕೆ ಚರ್ಮದ ದೊಡ್ಡ ವಾದ್ಯ ಹೊತ್ತು ತಂದ. ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. “ದೇವರು ದೀಪ ಇರೋ ಮನೆ. ಸತ್ತ ಜಿಂಕೆ ಒಳಗೆ ಬರಕೂಡದು.”

ಮೈಸೂರಿಂದ ಬಂದಿದ್ದ ನಮ್ಮಮ್ಮ ಸೋಫಾ ಮೇಲಿಂದಲೇ ಕೇಳಿದರು. “ಅಲ್ಲ ಕಣೇ, ನಿಮ್ಮಣ್ಣ ನುಡಿಸ್ತಾನಲ್ಲ ಮೃದಂಗ, ಅದನ್ನೇನು ಹೀರೇಕಾಯಿ ಸಿಪ್ಪೇಲಿ ಮಾಡಿದಾರಾ?”

ಹೆಂಡತಿ ದಾರಿ ಬಿಟ್ಟಳು. ಆದರೆ ಥಂಡಿಗೆ ಚರ್ಮ ಸಡಿಲ ಆಗಿ, ಬಾರಿಸಿದರೆ ದಿಂಬು ಕೊಡವಿದಂತೆ ಶಬ್ದ. “ಇದಕ್ಕೆ ಪವಿತ್ರ ಅಗ್ನಿಯ ಶಾಖ ಬೇಕು,” ಅಂದ ಗಡ್ಡದವನು. ಗ್ಯಾರೇಜಿನಲ್ಲಿ ಬೆಂಕಿ ಹಚ್ಚಿದರೆ ಪಕ್ಕದ ಮನೆಯವರು ಫೈರ್ ಇಂಜಿನ್ ಕರೆಸ್ತಾರೆ. ಕೊನೆಗೆ ನನ್ನ ಹೆಂಡತಿಯ ಹೇರ್ ಡ್ರೈಯರ್ ತಂದೆವು. ಅವತ್ತಿಂದ ಸಾವಿರ ವರ್ಷ ಹಿಂದಿನ ನಾದ ಹೊರಡಬೇಕಾದರೆ, ಮೊದಲು ಅವಳು ತಲೆ ಒಣಗಿಸಿ ಮುಗಿಸಬೇಕಿತ್ತು.

ಪುರಾತನ ಮಂತ್ರ

ಮರ್ಸರ್ ಐಲ್ಯಾಂಡಿನ ಪಾರ್ಕಿನಲ್ಲಿ ಪ್ರೋಗ್ರಾಂ. “ನಿನ್ನ ಭಾಷೇಲಿ ಏನಾದ್ರೂ ಪ್ರಾಚೀನವಾದದ್ದು ಹಾಡು. ಅರ್ಥ ಮುಖ್ಯ ಅಲ್ಲ, ಎದೆಯಿಂದ ಬರಬೇಕು,” ಅಂದ ಗಡ್ಡದವನು. ದೇವರ ಸ್ತೋತ್ರ ಬಳಸೋಕೆ ಮನಸ್ಸು ಒಪ್ಪಲಿಲ್ಲ. ನನಗೆ ಎದೆಯಿಂದ ಬರೋದು ಅಂದರೆ ಇನ್ನೊಂದೇ. ಪ್ರೈಮರಿ ಸ್ಕೂಲಲ್ಲಿ ಬೆತ್ತದ ಏಟು ತಿಂದು ಕಲಿತ ಹದಿನೇಳರ ಮಗ್ಗಿ. ಕಣ್ಣು ಮುಚ್ಚಿ, ಹೊಟ್ಟೆಯಾಳದಿಂದ ಎಳೆದೆ. “ಹದಿನೇಳೊಂದ್ಲೀ ಹದಿನೇ…ಳು…”

ಮುಗಿದ ಮೇಲೆ ಬೆಳ್ಳಿ ಕೂದಲಿನ ಹೆಂಗಸೊಬ್ಬರು ಬಂದು ನನ್ನ ಕೈ ಹಿಡಿದು ಅತ್ತರು. “ತೀರಿಹೋದ ನನ್ನ ಅಜ್ಜಿ ಕರೆದ ಹಾಗಾಯ್ತು.” ಅವರ ಹಿಂದೆಯೇ ಬೆಂಗಳೂರು ಶಿವಾಜಿನಗರದ ಸಾಹೇಬರೊಬ್ಬರು ನಿಂತಿದ್ದರು. ಕೈ ಕುಲುಕಿ ಕಿವಿ ಹತ್ತಿರ ಬಗ್ಗಿದರು.

“ಬಹಳ ಚೆನ್ನಾಗಿತ್ತು ಸಾರ್. ಹದಿನೇಳೆಂಟ್ಲಿ ಮಾತ್ರ ನೂರಾ ಮೂವತ್ತಾರು.”

ಮೈಮೇಲೆ ಬಂದದ್ದು

ಸ್ನೊಕ್ವಾಲ್ಮಿ ಹತ್ತಿರ ಕಾಡಿನ ಅಂಚಲ್ಲಿ ಮಧ್ಯಾಹ್ನದ ಶೋ. ಪೂರ್ವಿಕರನ್ನು ಎಬ್ಬಿಸೋ ಹಾಡು. ಗಡ್ಡದವನು ಮುಖಕ್ಕೆ ಮಸಿ ಬಳಿದು, ತಲೆಗೆ ಜಿಂಕೆ ಕೊಂಬು ಕಟ್ಟಿ, ಗಡಗಡ ನಡುಗಿ, ಊಳಿಟ್ಟು, ಮಂಡಿಯೂರಿ ಬಿದ್ದ. ಅಲ್ಲಿ ಒಂದು ನಿಮಿಷ ಮೌನ ಇರಬೇಕು. ನಾವೆಲ್ಲ ಕೈ ನಿಲ್ಲಿಸಿದೆವು.

ಆ ಮೌನದಲ್ಲಿ, ಮುಂದಿನ ಸಾಲಿಂದ ನಮ್ಮಮ್ಮನ ದನಿ. “ಅಯ್ಯೋ, ಮೈಮೇಲೆ ಬಂದಿದೆ ಕಣೋ!”

ನಾನು ತಡೆಯೋಷ್ಟರಲ್ಲಿ ಹ್ಯಾಂಡ್‌ಬ್ಯಾಗಿಂದ ಕುಂಕುಮದ ಭರಣಿ ತೆಗೆದು, ಸ್ಟೇಜಿಗೆ ಹತ್ತಿ, ಎರಡು ಕೊಂಬಿನ ಮಧ್ಯೆ ಅವನ ಹಣೆಗೆ ಇಟ್ಟೇಬಿಟ್ಟರು. “ಏನು ಬೇಕು ಹೇಳಪ್ಪ, ನಡೆಸಿಕೊಡ್ತೀವಿ.” ಮನೇಲಿ ಕನ್ನಡಕ್ಕೆ ಇಂಗ್ಲಿಷಲ್ಲೇ ಉತ್ತರ ಕೊಡೋ ನನ್ನ ಮಗಳು ಓಡಿಬಂದು ಅವನಿಗೆ ಅರ್ಥ ಹೇಳಿದಳು. ಅವನು ಕಣ್ಣು ತೆಗೆಯದೇ, “ನೀರು,” ಅಂದ. ಬಾಟಲಿ ಕೊಟ್ಟೆವು. ಜನ ಇದೂ ಹಾಡಿನ ಭಾಗ ಅಂತ ಫೋನ್ ಎತ್ತಿ ರೆಕಾರ್ಡ್ ಮಾಡ್ತಿದ್ದಾರೆ.

ಅಮ್ಮ ಕೈ ಮುಗಿದರು. “ನನ್ನ ಮಗನಿಗೆ ಗ್ರೀನ್ ಕಾರ್ಡ್ ಯಾವಾಗ ಬರುತ್ತೆ? ವೀಸಾ ತೊಂದರೆ ಆಗುತ್ತೇಂತ ತಂಗಿ ಮದುವೆಗೂ ಊರಿಗೆ ಬರಲಿಲ್ಲ ಅವನು.”

ನಿಜ ಹೇಳ್ತೀನಿ, ಆ ಕ್ಷಣ ನಾನೂ ಅವನ ಬಾಯನ್ನೇ ನೋಡಿದೆ.

ಗಡ್ಡದವನು ಒಂದು ಕಣ್ಣು ತೆರೆದ. ಮಗಳ ಕಡೆ ಬಗ್ಗಿ ಪಿಸುಗುಟ್ಟಿದ. ಅವಳು ತನ್ನ ಮುರುಕು ಕನ್ನಡದಲ್ಲಿ ಹೇಳಿದಳು. “ಅಜ್ಜಿ, ಇದು ಮಳೆ, ಗಾಳಿ ನೋಡೋ ದೇವರಂತೆ. ಇಮಿಗ್ರೇಶನ್ ಈ ದೇವರ ಕೈಲಿ ಇಲ್ಲ.”

ಹನಿಯುತ್ತಿದ್ದ ಆಕಾಶವನ್ನು ಅಮ್ಮ ಒಮ್ಮೆ ನೋಡಿದರು. ಶಾಲು ತಲೆಮೇಲೆ ಎಳೆದುಕೊಂಡರು.

“ನಾನು ಬಂದಾಗಿಂದ ಒಂದು ಸೀರೆ ನೆಟ್ಟಗೆ ಒಣಗಿಲ್ಲ. ಮೊದಲು ಆ ಕೆಲಸ ಸರಿಯಾಗಿ ಮಾಡೋಕೆ ಹೇಳು!”